ಮಹಾನಗರದ ಮನೆಗೊಂದು ಹೊಗೆಗಾವಲು

ಊರಿನ ಹೆಂಚಿನ ಮನೆಗಳಲ್ಲಿ ಹೊಗೆಯೆಂಬುದು ನಿತ್ಯದ ಸಂಗಾತಿಯಾಗಿತ್ತು. ಬಚ್ಚಲ ಒಲೆಯ ಹೊಗೆ, ಅಡಿಗೆಮನೆಯ ಸೌದೆಯ ಹೊಗೆ, ಮುಸ್ಸಂಜೆ ಕೊಟ್ಟಿಗೆಯಲ್ಲಿ ಸೊಳ್ಳೆಗೆಂದು ಹಾಕುತ್ತಿದ್ದ ಹೊಗೆ, ಇವೆಲ್ಲವೂ ಹೆಂಚಿನ ಸಂದುಗಳಿಂದಲೂ ಬೆಳಕಿಂಡಿಯಿಂದಲೂ ತಮ್ಮ ಪಾಡಿಗೆ ತಾವು ಹೊರಟುಹೋಗುತ್ತಿದ್ದವು. ಎಲ್ಲಿಯಾದರೂ ಕಿಡಿ ಬಿದ್ದು ಬಣವೆ ಹೊತ್ತಿಕೊಂಡರೆ ಕೇರಿಗೆ ಕೇರಿಯೇ ಕೊಡ ಬಿಂದಿಗೆಗಳೊಡನೆ ಓಡಿಬರುತ್ತಿತ್ತು. ಮುಂಬಯಿ, ಪುಣೆ, ದೆಹಲಿ, ಹೈದರಾಬಾದು, ಚೆನ್ನೈಗಳ ಬಹುಮಹಡಿ ಕಟ್ಟಡಗಳಲ್ಲಿ ಸಂಸಾರ ಹೂಡಿರುವ ಕನ್ನಡಿಗರಿಗೆ ಈ ಎರಡು ಅನುಕೂಲಗಳೂ ತಪ್ಪಿಹೋಗಿವೆ. ಧೂಳಿಗೆ ಹೆದರಿ ಕಿಟಕಿ ಮುಚ್ಚಿದೆ. ಕಳ್ಳರಿಗೆ ಹೆದರಿ ಕಬ್ಬಿಣದ ಜಾಲರಿ ಬಿಗಿದಿದೆ. ಏರ್ ಕಂಡೀಷನರ್ ಓಡುವ ರಾತ್ರಿಗಳಲ್ಲಿ ಮಲಗುವ ಕೋಣೆಯ ಬಾಗಿಲೂ ಮುಚ್ಚಿರುತ್ತದೆ. ಎದುರು ಮನೆಯವರ ಹೆಸರು ಬಾಗಿಲಿನ ಫಲಕದಿಂದಷ್ಟೇ ಗೊತ್ತು. ಇಂಥ ಮನೆಯೊಳಗೆ ಹುಟ್ಟಿದ ಹೊಗೆಗೆ ಹೊರಹೋಗಲು ದಾರಿಯಿಲ್ಲ. ಅದು ಹುಟ್ಟಿತೆಂದು ಹೊರಗಿನವರಿಗೆ ತಿಳಿಯುವ ಬಗೆಯೂ ಇಲ್ಲ.

ಬೆಂಕಿ ಅನಾಹುತವೆಂದರೆ ಸಾಮಾನ್ಯವಾಗಿ ಮನಸ್ಸಿಗೆ ಬರುವುದು ಜ್ವಾಲೆ ಮತ್ತು ಸುಟ್ಟಗಾಯ. ಆದರೆ ಜ್ವಾಲೆ ತಲುಪುವುದಕ್ಕೆ ಮುಂಚೆಯೇ ಹೊಗೆ ತನ್ನ ಕೆಲಸ ಮುಗಿಸಿರುತ್ತದೆ. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಮಂದಿ ಪ್ರಾಣ ಕಳೆದುಕೊಂಡರು. ಬೆಂಕಿ ಇದ್ದುದು ಕೆಳಗೆ, ಟ್ರಾನ್ಸ್‌ಫಾರ್ಮರಿನ ಬಳಿ. ಸತ್ತವರಲ್ಲಿ ಬಹುಪಾಲು ಜನ ಮೇಲಿನ ಬಾಲ್ಕನಿಯಲ್ಲಿ ಉಸಿರುಕಟ್ಟಿದವರು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ವಿದ್ಯುತ್ ತಂತಿಗಳು ಹಾಯುವ ಸಂದಿಯಿಂದ ಎದ್ದ ಹೊಗೆ ಮೇಲಿನ ಮಹಡಿಗಳನ್ನು ತುಂಬಿ 9 ಮಂದಿ ಅಸುನೀಗಿದರು; ಹೊಗೆ ತಾಳಲಾರದೆ ಕಿಟಕಿಯಿಂದ ಹಾರಿದವರೂ ಅವರಲ್ಲಿದ್ದರು. ತೀರ ಈಚೆಗೆ, 2025ರ ಮೇ 18ರ ಮುಂಜಾನೆ, ಹೈದರಾಬಾದಿನ ಚಾರ್ಮಿನಾರ್ ಸಮೀಪದ ಗುಲ್ಜಾರ್ ಹೌಜ್‌ನಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ ಇದ್ದ ಕಟ್ಟಡದಲ್ಲಿ ಒಂದೇ ಕುಟುಂಬದ 17 ಮಂದಿ, ಅವರಲ್ಲಿ 8 ಮಕ್ಕಳು, ಮಡಿದರು. ಅಲ್ಲಿಯೂ ಮುಖ್ಯ ಕಾರಣ ಹೊಗೆಯೇ.

ಹೊಗೆಯೊಳಗೆ ಇರುವುದೇನು ಎಂಬುದನ್ನು ತಿಳಿದರೆ ಇದರಲ್ಲಿ ಆಶ್ಚರ್ಯವಿಲ್ಲ. ಇಂದಿನ ಹಾಸಿಗೆ, ಸೋಫಾ, ದಿಂಬುಗಳಲ್ಲಿ ಹತ್ತಿಯ ಬದಲು ಫೋಮು ಸೇರಿದೆ. ಅದು ಉರಿಯುವಾಗ ಕಾರ್ಬನ್ ಮಾನಾಕ್ಸೈಡಿನ ಜೊತೆಗೆ ಹೈಡ್ರೋಜನ್ ಸಯನೈಡ್ ಎಂಬ ವಿಷಾನಿಲವೂ ಹೊರಬೀಳುತ್ತದೆ. ಕಾರ್ಬನ್ ಮಾನಾಕ್ಸೈಡಿಗೆ ರಕ್ತದ ಹಿಮೋಗ್ಲೋಬಿನ್ನಿನ ಮೇಲೆ ಇರುವ ಸೆಳೆತ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದದ್ದು. ಆದ್ದರಿಂದ ಉಸಿರಾಟ ನಡೆಯುತ್ತಿದ್ದರೂ ಮೆದುಳಿಗೂ ಹೃದಯಕ್ಕೂ ಪ್ರಾಣವಾಯು ತಲುಪುವುದಿಲ್ಲ. ಮೊದಲು ತಲೆಭಾರ, ಅನಂತರ ಮಂಕು, ಆಮೇಲೆ ಕಾಲುಗಳಲ್ಲಿ ಶಕ್ತಿಯಿಲ್ಲದಂತಾಗುವುದು. ಬಾಗಿಲು ಎಲ್ಲಿದೆಯೆಂದು ಗೊತ್ತಿದ್ದೂ ಅಲ್ಲಿಗೆ ನಡೆದುಹೋಗಲಾಗದ ಸ್ಥಿತಿ ಅದು.

ನಿದ್ರೆಯಲ್ಲಿದ್ದವರ ಪಾಡು ಇನ್ನೂ ಕಷ್ಟದ್ದು. ಹೊಗೆಯ ವಾಸನೆಗೆ ಎಚ್ಚರವಾಗದೆ ಇರುತ್ತದೆಯೇ ಎಂಬ ಧೈರ್ಯ ಬಹಳ ಮನೆಗಳಲ್ಲಿದೆ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕಿಯರು 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ನಂಬಿಕೆಯನ್ನು ಅಲುಗಿಸಿತು. ಮಲಗಿದ್ದ ತರುಣರ ಮೂಗಿಗೆ ಪುದೀನದ ಪರಿಮಳವನ್ನೂ ಪಿರಿಡಿನ್ ಎಂಬ ದುರ್ವಾಸನೆಯನ್ನೂ ಹಿಡಿದು ನೋಡಲಾಯಿತು. ಗಾಢನಿದ್ರೆಯಲ್ಲಿ ಅವರು ಮಿಸುಕಲಿಲ್ಲ, ಶಬ್ದವಾದಾಗ ಎದ್ದರು. ಮೂಗು ಮಲಗಿದರೂ ಕಿವಿ ಮಲಗದೆಂಬ ಈ ಒಂದು ಸಂಗತಿಯ ಮೇಲೆಯೇ ಹೊಗೆಸೂಚಕ ಯಂತ್ರಗಳ ಪ್ರಯೋಜನವೆಲ್ಲ ನಿಂತಿದೆ. ಯಂತ್ರವು ವಾಸನೆಯನ್ನು ಶಬ್ದವನ್ನಾಗಿ ಪರಿವರ್ತಿಸಿ ಕೊಡುತ್ತದೆ, ಅಷ್ಟೆ.

ಈಚಿನ ವರ್ಷಗಳಲ್ಲಿ ಮಹಾನಗರದ ಮಧ್ಯಮವರ್ಗದ ಮನೆಗಳಿಗೂ ನಿಗಾ ವ್ಯವಸ್ಥೆಯುಳ್ಳ ಅಲಾರಮ್‌ಗಳು ಬರತೊಡಗಿವೆ. ಬಾಗಿಲು, ಕಿಟಕಿ, ಕೋಣೆಗಳಲ್ಲಿ ಸೂಚಕಗಳನ್ನು ಕೂರಿಸಿ, ಅವನ್ನು ಒಂದು ಪ್ಯಾನೆಲಿಗೆ ಜೋಡಿಸಿ, ಆ ಪ್ಯಾನೆಲು ಮೊಬೈಲ್ ಸಿಮ್ಮಿನ ಮೂಲಕವೋ ಬ್ರಾಡ್‌ಬ್ಯಾಂಡ್ ಮೂಲಕವೋ ನಿಗಾ ಕೇಂದ್ರಕ್ಕೆ ಸುದ್ದಿ ಮುಟ್ಟಿಸುವ ಏರ್ಪಾಡು ಇದು. ಕೇಂದ್ರದಲ್ಲಿ ಹಗಲಿರುಳೂ ಕುಳಿತಿರುವ ಸಿಬ್ಬಂದಿ ಮನೆಯವರಿಗೆ ದೂರವಾಣಿ ಮಾಡಿ ವಿಚಾರಿಸುತ್ತಾರೆ. ಅಗತ್ಯವಿದ್ದರೆ ಮುಂದಿನ ಕ್ರಮ ಕೈಗೊಳ್ಳುತ್ತಾರೆ. ಇದಕ್ಕೆ ತಿಂಗಳಿಗೋ ವರ್ಷಕ್ಕೋ ಶುಲ್ಕವುಂಟು. ಮಾರುವವರೂ ಕೊಳ್ಳುವವರೂ ಮೊದಲು ಯೋಚಿಸುವುದು ಕಳ್ಳನನ್ನು ಕುರಿತು. ಎಂಟು ಸೂಚಕಗಳು ಬಾಗಿಲು ಕಿಟಕಿಗಳಿಗೆ, ಉಳಿದ ಹಣದಲ್ಲಿ ಹಾಲಿನ ಮೂಲೆಯಲ್ಲೊಂದು ಹೊಗೆಸೂಚಕ ಎಂಬುದು ವಾಡಿಕೆಯಾಗಿಬಿಟ್ಟಿದೆ. ಕಳ್ಳ ಒಯ್ದ ಒಡವೆಯನ್ನು ಮತ್ತೆ ಮಾಡಿಸಬಹುದು ಎಂಬುದನ್ನು ನೆನೆದರೆ ಈ ಹಂಚಿಕೆ ತಲೆಕೆಳಗಾದದ್ದೆಂದೇ ಹೇಳಬೇಕು.

ಎರಡು ಬಗೆಯ ಹೊಗೆಸೂಚಕಗಳು

ಪೇಟೆಯಲ್ಲಿ ಸ್ಮೋಕ್ ಡಿಟೆಕ್ಟರ್ ಎಂದು ಕರೆಯಲಾಗುವ ಹೊಗೆಸೂಚಕಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಮೊದಲನೆಯದು ಅಯಾನೀಕರಣದ ಜಾತಿ. 1930ರ ದಶಕದ ಕೊನೆಯಲ್ಲಿ ಸ್ವಿಟ್ಜರ್ಲೆಂಡಿನ ವಾಲ್ಟರ್ ಯೇಗರ್ ಎಂಬ ಭೌತವಿಜ್ಞಾನಿ ವಿಷಾನಿಲವನ್ನು ಪತ್ತೆ ಮಾಡುವ ಯಂತ್ರವೊಂದನ್ನು ಕಟ್ಟಲು ಹೆಣಗುತ್ತಿದ್ದನಂತೆ. ಅನಿಲಕ್ಕೆ ಯಂತ್ರ ಜಗ್ಗಲಿಲ್ಲ. ಬೇಸತ್ತು ಸಿಗರೇಟು ಹಚ್ಚಿದಾಗ ಮಾಪಕದ ಮುಳ್ಳು ಅಲುಗಿತೆಂಬ ಕತೆ ಈ ವಿದ್ಯೆಯ ಪುಸ್ತಕಗಳಲ್ಲಿ ತಪ್ಪದೆ ಬರುತ್ತದೆ. ಇಂದಿನ ಯಂತ್ರಗಳಲ್ಲಿ ಅಮೆರಿಸಿಯಮ್ 241 ಎಂಬ ವಿಕಿರಣಶೀಲ ಧಾತುವಿನ ಅತ್ಯಲ್ಪ ಕಣವಿದ್ದು, ಅದು ಗಾಳಿಯಲ್ಲಿ ಸಣ್ಣ ವಿದ್ಯುತ್ ಪ್ರವಾಹ ಹರಿಯುವಂತೆ ಮಾಡುತ್ತದೆ; ಹೊಗೆಯ ಕಣಗಳು ಸೇರಿದೊಡನೆ ಪ್ರವಾಹ ಕುಗ್ಗಿ ಅಲಾರಮ್ ಕೂಗುತ್ತದೆ. ಕಾಗದ, ಬಟ್ಟೆ ಧಗ್ಗನೆ ಹೊತ್ತಿದಾಗ ಏಳುವ ಸೂಕ್ಷ್ಮ ಹೊಗೆಗೆ ಇದು ಚುರುಕು.

ಎರಡನೆಯದು ಬೆಳಕಿನ ಜಾತಿ. ಕತ್ತಲೆಯ ಪುಟ್ಟ ಗೂಡಿನಲ್ಲಿ ಒಂದು ದೀಪ, ಅದಕ್ಕೆ ಓರೆಯಾಗಿ ಬೆಳಕನ್ನು ಗುರುತಿಸುವ ಒಂದು ಕಣ್ಣು. ಸಾಮಾನ್ಯ ಸ್ಥಿತಿಯಲ್ಲಿ ದೀಪದ ಕಿರಣ ಕಣ್ಣಿಗೆ ಬೀಳದು. ಹೊಗೆ ಹೊಕ್ಕಾಗ ಕಿರಣ ಚದರಿ ಕಣ್ಣಿಗೆ ತಾಕುತ್ತದೆ. ಬೆಳಗಿನ ಹೊತ್ತು ಅಡಿಗೆಮನೆಯ ಕಿಂಡಿಯಿಂದ ಬಿದ್ದ ಬಿಸಿಲುಕೋಲಿನಲ್ಲಿ ಹೊಗೆ ಹೊಳೆಯುವುದನ್ನು ಕಂಡವರಿಗೆ ಇದರ ತತ್ತ್ವವನ್ನು ವಿವರಿಸಬೇಕಾಗಿಲ್ಲ. ಹಾಸಿಗೆಯೊಳಗೆ ಹೊಕ್ಕ ಕಿಡಿ, ಬಿಸಿಯೇರಿದ ಪ್ಲಗ್ಗು, ಗೋಡೆಯೊಳಗಿನ ತಂತಿಯ ಹೊದಿಕೆ ಇವು ಗಂಟೆಗಟ್ಟಲೆ ಕುದಿಕುದಿದು ಬಿಡುವ ದಟ್ಟ ಹೊಗೆಯನ್ನು ಈ ಜಾತಿ ಬೇಗ ಹಿಡಿಯುತ್ತದೆ. ಅಯಾನೀಕರಣದ ಯಂತ್ರ ಅಲ್ಲಿ ಬಹಳ ಹೊತ್ತು ಸುಮ್ಮನಿದ್ದುಬಿಡಬಹುದು. ರಾತ್ರಿ ಜನರು ಮಲಗಿದ್ದಾಗ ಪ್ರಾಣಕ್ಕೆ ಹೆಚ್ಚು ಅಪಾಯವೊಡ್ಡುವುದು ಇಂಥ ಮಂದಗತಿಯ ಬೆಂಕಿಯೇ. ಅಲ್ಲದೆ ಅಡಿಗೆಯ ಹಬೆ ಹೊಗೆಗಳಿಗೆ ಸುಳ್ಳು ಕೂಗು ಹಾಕುವ ಚಟವೂ ಬೆಳಕಿನ ಜಾತಿಗೆ ಕಡಮೆ. ಎರಡರಲ್ಲಿ ಒಂದನ್ನೇ ಆರಿಸಬೇಕಾದ ಮನೆಯವರು ಅನುಮಾನಿಸದೆ ಫೋಟೋಎಲೆಕ್ಟ್ರಿಕ್ ಎಂದು ಕೇಳಿ ಕೊಳ್ಳುವುದು ಲೇಸು. ಹೊಗೆಯನ್ನೂ ಶಾಖವನ್ನೂ ಒಟ್ಟಿಗೆ ಗಮನಿಸುವ ಸಂಯುಕ್ತ ಯಂತ್ರಗಳೂ ಇವೆ. ಹಣಕ್ಕೆ ಹಿಂಜರಿಯದವರಿಗೆ ಅವು ಇನ್ನೂ ಉತ್ತಮ.

ಪೆಟ್ಟಿಗೆಯ ಮೇಲಿನ ಗುರುತುಗಳನ್ನು ಓದುವ ಅಭ್ಯಾಸವೂ ಬೇಕು. ಭಾರತೀಯ ಮಾನಕಗಳಲ್ಲಿ ಐಎಸ್ 11360 ಹೊಗೆಸೂಚಕಗಳಿಗೆ, ಐಎಸ್ 2175 ಶಾಖಸೂಚಕಗಳಿಗೆ, ಐಎಸ್ 2189 ಅವುಗಳ ಆಯ್ಕೆ ಮತ್ತು ಅಳವಡಿಕೆಗೆ ಸಂಬಂಧಿಸಿದವು. ಪ್ಯಾನೆಲಿಗೆ ಜೋಡಿಸುವ ವಿದೇಶೀ ಯಂತ್ರಗಳ ಮೇಲೆ ಇಎನ್ 54 ಅಥವಾ ಯುಎಲ್ 268 ಎಂದಿರುತ್ತದೆ. ಯಾವ ಗುರುತೂ ಇಲ್ಲದ ಯಂತ್ರ ಎಷ್ಟೇ ಅಗ್ಗವಾದರೂ ಅದು ಗೋಡೆಗೆ ಅಲಂಕಾರ ಮಾತ್ರ.

ಒಗ್ಗರಣೆಯ ಸಮಸ್ಯೆ

ವಿದೇಶಗಳ ಅಡಿಗೆಮನೆಯನ್ನು ಕಣ್ಣ ಮುಂದಿಟ್ಟುಕೊಂಡು ಮಾಡಿದ ಯಂತ್ರಕ್ಕೆ ಕನ್ನಡಿಗರ ಒಗ್ಗರಣೆಯ ಪರಿಚಯವಿಲ್ಲ. ಕಾದ ಎಣ್ಣೆಗೆ ಸಾಸಿವೆ, ಇಂಗು, ಬ್ಯಾಡಗಿ ಮೆಣಸಿನಕಾಯಿ ಬಿದ್ದ ಗಳಿಗೆಯಲ್ಲಿ ಏಳುವ ಘಾಟಿಗೆ ಮನೆಮಂದಿಯೆಲ್ಲ ಕೆಮ್ಮುವಾಗ ಯಂತ್ರ ಸುಮ್ಮನಿರಬೇಕೆಂದು ಬಯಸುವುದು ನ್ಯಾಯವಲ್ಲ. ವಾರಕ್ಕೆ ನಾಲ್ಕು ಸಲ ಅದು ಕಿರುಚಿ, ನಾಲ್ಕು ಸಲವೂ ನಿಗಾ ಕೇಂದ್ರದಿಂದ ಕರೆ ಬಂದರೆ ಐದನೆಯ ವಾರ ಯಾರೋ ಸ್ಟೂಲು ಹತ್ತಿ ಅದರ ಬ್ಯಾಟರಿಯನ್ನು ಕಿತ್ತಿಡುತ್ತಾರೆ. ಸುಳ್ಳು ಕೂಗಿನ ನಿಜವಾದ ಕೇಡು ಇಲ್ಲಿದೆ: ಅದು ಬರಿಯ ಕಿರಿಕಿರಿಯಲ್ಲ, ಕಾವಲುಗಾರನನ್ನೇ ಮನೆಯಿಂದ ಹೊರಹಾಕಿಸುವ ದಾರಿ.

ಆದ್ದರಿಂದ ಅಡಿಗೆಮನೆಯೊಳಗೆ ಶಾಖಸೂಚಕವನ್ನು ಹಾಕತಕ್ಕದ್ದು. ಇದು ಹೊಗೆಯನ್ನು ಲೆಕ್ಕಿಸುವುದಿಲ್ಲ. ಸುತ್ತಲಿನ ಗಾಳಿಯ ಉಷ್ಣತೆ ನಿಗದಿಯಾದ ಮಟ್ಟವನ್ನು, ಸಾಮಾನ್ಯವಾಗಿ 57 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸು, ಮುಟ್ಟಿದಾಗ ಎಚ್ಚರಿಸುತ್ತದೆ. ಉಷ್ಣತೆಯು ನಿಮಿಷಕ್ಕೆ ಸುಮಾರು 8 ಡಿಗ್ರಿಯಂತೆ ಏರತೊಡಗಿದರೆ ಕೂಗುವ ಇನ್ನೊಂದು ಬಗೆಯೂ ಉಂಟು. ದೆಹಲಿ, ಹೈದರಾಬಾದುಗಳಲ್ಲಿ ಬಿಸಿಲಿಗೆ ಕಾಯುವ ಕೊನೆಯ ಮಹಡಿಯ ಮನೆಗಳವರು ಒಂದು ಮಾತನ್ನು ಗಮನಿಸಬೇಕು. ಬೇಸಗೆಯ ಮಧ್ಯಾಹ್ನ ಚಾವಣಿಯ ಬಳಿ ಇರುವ ಉಷ್ಣತೆಗಿಂತ ಯಂತ್ರದ ಮಟ್ಟ ಕನಿಷ್ಠ 11 ಡಿಗ್ರಿಯಾದರೂ ಮೇಲಿರಬೇಕು; ಇಲ್ಲವಾದರೆ ಮೇ ತಿಂಗಳು ಅದಕ್ಕೆ ಬೆಂಕಿಯಂತೆಯೇ ಕಂಡೀತು. ಇಷ್ಟಾದರೂ ಶಾಖಸೂಚಕವು ಹೊಗೆಸೂಚಕದ ಬದಲಿಯಲ್ಲ. ಗಾಳಿ ಅಷ್ಟು ಕಾಯುವ ವೇಳೆಗೆ ಪಕ್ಕದ ಕೋಣೆಯಲ್ಲಿ ಮಲಗಿದವರು ಸಾಕಷ್ಟು ಹೊಗೆ ಕುಡಿದಿರುತ್ತಾರೆ. ಅದು ಅಡಿಗೆಮನೆಗೆ ಮಾತ್ರ. ಮಲಗುವ ಕೋಣೆಗೆ ಅದನ್ನು ಮಾರಲು ಬಂದವರನ್ನು ವಿನಯದಿಂದ ಹಿಂದಕ್ಕೆ ಕಳುಹಿಸಬಹುದು.

ದೇವರ ಮನೆಯ ಪ್ರಶ್ನೆಯೂ ಇಂಥದ್ದೇ. ನಗರದ ಮನೆಗಳಲ್ಲಿ ದೇವರಿಗೆ ಹಾಲಿನ ಒಂದು ಗೂಡೋ ಅಡಿಗೆಮನೆಯ ಕಪಾಟೋ ಗತಿಯಾಗಿದೆ. ಊದಿನಕಡ್ಡಿ, ಧೂಪ, ಮಂಗಳಾರತಿಯ ಕರ್ಪೂರ ಇವುಗಳ ಹೊಗೆ ನೇರವಾಗಿ ಏರುವ ಜಾಗವನ್ನು ಬಿಟ್ಟು ಯಂತ್ರವನ್ನು ದೂರ ಸರಿಸಿದರೆ ದೇವರಿಗೂ ಯಂತ್ರಕ್ಕೂ ಜಗಳವಿರದು. ಸತ್ಯನಾರಾಯಣ ಪೂಜೆ, ಹೋಮಗಳ ದಿನ ನಿಗಾ ಕೇಂದ್ರಕ್ಕೆ ಮುಂಚಿತವಾಗಿ ತಿಳಿಸಿ, ಆ ಕೋಣೆಯ ಸೂಚಕವನ್ನು ಕೆಲವು ಗಂಟೆಗಳ ಮಟ್ಟಿಗೆ ಪರೀಕ್ಷೆಯ ಸ್ಥಿತಿಯಲ್ಲಿಡಿಸಬಹುದು. ಮುಗಿದ ಮೇಲೆ ಮರಳಿ ಹೇಳುವುದನ್ನು ಮಾತ್ರ ಮರೆಯಬಾರದು.

ಇನ್ನು ಸ್ಥಳದ ಲೆಕ್ಕ. ಹೊಗೆ ಮೇಲಕ್ಕೇರುವುದರಿಂದ ಚಾವಣಿಯ ನಡುಭಾಗವೇ ಪ್ರಶಸ್ತ. ಗೋಡೆಗೆ ಹಾಕುವುದಾದರೆ ಚಾವಣಿಯಿಂದ 30 ಸೆಂಟಿಮೀಟರಿನ ಒಳಗೆ ಇರಬೇಕು. ಒಲೆಯಿಂದ 3 ಮೀಟರು, ಬಚ್ಚಲಿನ ಬಾಗಿಲಿನಿಂದಲೂ ಫ್ಯಾನಿನ ಅಲಗಿನ ತುದಿಯಿಂದಲೂ ಸುಮಾರು ಒಂದು ಮೀಟರು ದೂರ. ಏರ್ ಕಂಡೀಷನರಿನ ಗಾಳಿ ನೇರವಾಗಿ ಬೀಸುವಲ್ಲಿ ಬೇಡ. ಆ ಗಾಳಿ ಹೊಗೆಯನ್ನು ಯಂತ್ರದ ಹತ್ತಿರ ಸುಳಿಯಗೊಡುವುದಿಲ್ಲ. ಡೊಂಬಿವಲಿಯಲ್ಲೋ ಮುಲುಂಡಿನಲ್ಲೋ ಎರಡು ಮಲಗುವ ಕೋಣೆಗಳ ಮನೆಯೊಂದಕ್ಕೆ ಪ್ರತಿ ಕೋಣೆಗೊಂದು, ಆ ಕೋಣೆಗಳ ಹೊರಗಿನ ಓಣಿಗೊಂದು ಹೀಗೆ ಮೂರು ಹೊಗೆಸೂಚಕಗಳೂ ಅಡಿಗೆಮನೆಗೆ ಒಂದು ಶಾಖಸೂಚಕವೂ ಆದರೆ ವ್ಯವಸ್ಥೆ ಸಮರ್ಪಕವೆನ್ನಬಹುದು. ಒಂದೇ ಕೊಳ್ಳುವ ಶಕ್ತಿಯಿದ್ದರೆ ಅದು ಕೋಣೆಗಳ ಹೊರಗಿನ ಓಣಿಗೆ ಸಲ್ಲತಕ್ಕದ್ದು. ಚಾಳಿನ ಒಂದೇ ಖೋಲಿಯಲ್ಲಿ ಇಡೀ ಸಂಸಾರ ಮಲಗುವಲ್ಲಿ ನಿಗಾ ಕೇಂದ್ರ, ಪ್ಯಾನೆಲು ಯಾವುದೂ ಬೇಕಿಲ್ಲ. ಹತ್ತು ವರ್ಷ ಬಾಳುವ ಬ್ಯಾಟರಿಯ ಒಂಟಿ ಹೊಗೆಸೂಚಕವೊಂದು ಎಲ್ಲರನ್ನೂ ಎಬ್ಬಿಸುತ್ತದೆ, ಪಕ್ಕದ ಖೋಲಿಯವರನ್ನೂ ಸಹ.

ಕಾಣದ ಅನಿಲಗಳು

ಅಡಿಗೆ ಅನಿಲದ ಸೋರಿಕೆಯನ್ನು ಸೂಚಿಸುವ ಯಂತ್ರವನ್ನು ಅಳವಡಿಸುವಾಗ ನಡೆಯುವ ತಪ್ಪು ಬಹು ಸರಳವಾದದ್ದು: ಎತ್ತರದ ತಪ್ಪು. ಸಿಲಿಂಡರಿನ ಎಲ್‌ಪಿಜಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದಾಗ ಅದು ನೀರಿನಂತೆ ನೆಲದ ಮೇಲೆ ಹರಡಿಕೊಳ್ಳುತ್ತದೆ. ಅದರ ಸೂಚಕ ನೆಲದಿಂದ ಒಂದು ಅಡಿ ಎತ್ತರದಲ್ಲಿರಬೇಕು. ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲದಲ್ಲಿ ಬಹುಪಾಲು ಮೀಥೇನ್; ಅದು ಗಾಳಿಗಿಂತ ಹಗುರ, ಚಾವಣಿಗೆ ಏರುತ್ತದೆ. ಅದರ ಸೂಚಕ ಚಾವಣಿಯಿಂದ ಒಂದು ಅಡಿ ಕೆಳಗಿರಬೇಕು. ಸಿಲಿಂಡರು ಹಿಂದಿರುಗಿಸಿ ಕೊಳವೆಯ ಅನಿಲಕ್ಕೆ ಬದಲಾದ ಎಷ್ಟೋ ಮನೆಗಳಲ್ಲಿ ಹಳೆಯ ಯಂತ್ರ ಇನ್ನೂ ನೆಲದ ಬಳಿಯೇ ಕುಳಿತು ಬಾರದ ಅನಿಲವನ್ನು ಕಾಯುತ್ತಿದ್ದರೆ ಆಶ್ಚರ್ಯಪಡಬೇಕಾಗಿಲ್ಲ. ಈ ಸೂಚಕ ಕೂಗಿದಾಗ ಯಾವ ಸ್ವಿಚ್ಚನ್ನೂ ಹಾಕಬಾರದು, ಆರಿಸಲೂಬಾರದು. ಕವಾಟ ಮುಚ್ಚಿ, ಕಿಟಕಿ ತೆರೆದು, ಹೊರಗೆ ಬಂದು ಅನಂತರ ದೂರವಾಣಿ. ಎಲ್‌ಪಿಜಿ ಸೋರಿಕೆಗೆ ದೇಶದಾದ್ಯಂತ 1906 ಸಂಖ್ಯೆಯಿದೆ.

ಇದಕ್ಕಿಂತಲೂ ಗುಪ್ತವಾದ ಶತ್ರು ಬಚ್ಚಲುಮನೆಯ ಗ್ಯಾಸ್ ಗೀಸರು. ವಿದ್ಯುತ್ತಿಗಿಂತ ಅಗ್ಗವೆಂದು ಇದನ್ನು ಹಾಕಿಸಿಕೊಂಡ ಮನೆಗಳು ಬಹಳ. ಕಿಟಕಿಯಿಲ್ಲದ, ಇದ್ದರೂ ಚಳಿಗೆ ಮುಚ್ಚಿದ ಪುಟ್ಟ ಬಚ್ಚಲಿನಲ್ಲಿ ಅದು ಉರಿಯುವಾಗ ಅಲ್ಲಿನ ಆಮ್ಲಜನಕ ತೀರುತ್ತ ಬಂದು, ಉರಿ ಅರೆಬರೆಯಾಗಿ, ಬಣ್ಣವಾಗಲಿ ವಾಸನೆಯಾಗಲಿ ಇಲ್ಲದ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಸ್ನಾನಕ್ಕೆ ಹೋದವರು ಬಹಳ ಹೊತ್ತಾದರೂ ಬರಲಿಲ್ಲವೆಂದು ಬಾಗಿಲೊಡೆದು ನೋಡಿದಾಗ ನೀರು ಹರಿಯುತ್ತಲೇ ಇರುತ್ತದೆ, ಅವರು ನೆಲದ ಮೇಲೆ ಬಿದ್ದಿರುತ್ತಾರೆ. ಭಾರತದ ವೈದ್ಯಕೀಯ ಪತ್ರಿಕೆಗಳಲ್ಲಿ ಇದಕ್ಕೆ ಗ್ಯಾಸ್ ಗೀಸರ್ ಸಿಂಡ್ರೋಮ್ ಎಂಬ ಹೆಸರೇ ಬಿದ್ದಿದೆ. ಮೂರ್ಛೆರೋಗವೆಂದೋ ಹೃದಯಾಘಾತವೆಂದೋ ತಪ್ಪು ತಿಳಿಯುವ ಸಂಭವವುಂಟು. ಕೊರೋನಾದ ದಿನಗಳಲ್ಲಿ ಕೊಂಡ ಆಕ್ಸಿಮೀಟರನ್ನು ಬೆರಳಿಗೆ ಸಿಕ್ಕಿಸಿ ನೋಡಿ ಸಮಾಧಾನಪಡುವುದೂ ಅಪಾಯಕರ. ಸಾಮಾನ್ಯ ಆಕ್ಸಿಮೀಟರಿಗೆ ಕಾರ್ಬನ್ ಮಾನಾಕ್ಸೈಡ್ ಅಂಟಿದ ಹಿಮೋಗ್ಲೋಬಿನ್ನಿಗೂ ಆಮ್ಲಜನಕ ಹೊತ್ತದ್ದಕ್ಕೂ ವ್ಯತ್ಯಾಸ ತಿಳಿಯದು; ಅದು 98 ಎಂದು ತೋರಿಸುತ್ತಿರುವಾಗಲೇ ರೋಗಿ ಕೈಬಿಟ್ಟುಹೋಗಬಹುದು. ಬಿದ್ದವರನ್ನು ತಕ್ಷಣ ಹೊರಗಾಳಿಗೆ ಎಳೆದು ತಂದು ಆಸ್ಪತ್ರೆಗೆ ಒಯ್ಯಬೇಕು. ಗೀಸರಿನ ಸಂಗತಿಯನ್ನು ವೈದ್ಯರಿಗೆ ಮೊದಲ ಮಾತಿನಲ್ಲೇ ತಿಳಿಸಬೇಕು. ಬರಿಯ ಗಾಳಿಯಲ್ಲಿ ರಕ್ತದ ವಿಷ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಹಿಡಿದರೆ, ಶುದ್ಧ ಆಮ್ಲಜನಕ ಕೊಟ್ಟಾಗ ಅದು ಒಂದೂವರೆ ಗಂಟೆಯೊಳಗೆ ಆಗುತ್ತದೆ.

ಇಂಥ ಮನೆಗೆ ಕಾರ್ಬನ್ ಮಾನಾಕ್ಸೈಡ್ ಸೂಚಕ ಬೇಕೇ ಬೇಕು. ಹೊಗೆಸೂಚಕ ಇದನ್ನು ಗುರುತಿಸುವುದಿಲ್ಲ, ಅಡಿಗೆ ಅನಿಲದ ಸೂಚಕವೂ ಗುರುತಿಸುವುದಿಲ್ಲ. ಹೆಸರು ಬೇರೆ, ಯಂತ್ರ ಬೇರೆ. ಆದರೆ ಅದರ ಮೇಲೆ ಭಾರ ಹಾಕಿ ನಿಶ್ಚಿಂತರಾಗುವಂತಿಲ್ಲ. ಅಮೆರಿಕದ ಮಾನಕದಂತೆ, ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಈ ಅನಿಲ 400 ಭಾಗವಿದ್ದರೂ ಯಂತ್ರವು 4ರಿಂದ 15 ನಿಮಿಷದೊಳಗೆ ಕೂಗಿದರೆ ಸಾಕು. ಹಬೆಯಿಂದ ಕೆಡುವುದರಿಂದ ಅದನ್ನು ಬಚ್ಚಲಿನೊಳಗೆ ಹಾಕುವಂತೆಯೂ ಇಲ್ಲ. ಮುಚ್ಚಿದ ಬಾಗಿಲಿನ ಹಿಂದೆ ಅಷ್ಟು ಹೊತ್ತು ಅತಿ ದೀರ್ಘವಾದದ್ದು. ಗೀಸರನ್ನೇ ಬಚ್ಚಲಿನಿಂದ ಹೊರಗೆ, ಗಾಳಿಯಾಡುವ ಬಾಲ್ಕನಿಗೆ ಸಾಗಿಸಿ ಬಿಸಿನೀರಿನ ಕೊಳವೆಯೊಂದನ್ನೇ ಒಳಗೆ ಬಿಡುವುದು ನಿಜವಾದ ಪರಿಹಾರ. ಕೊಳಾಯಿಯವನ ಒಂದು ದಿನದ ಕೆಲಸ ಅದು.

ಕೂಗು ಯಾರ ಕಿವಿಗೆ?

ಅಲಾರಮ್ ವ್ಯವಸ್ಥೆ ಈಗಾಗಲೇ ಇರುವ ಮನೆಯವರು ಅಂಗಡಿಯಿಂದ ಒಂಟಿ ಹೊಗೆಸೂಚಕವನ್ನು ತಂದು ಚಾವಣಿಗೆ ಅಂಟಿಸಿ, ನಿಗಾ ಕೇಂದ್ರಕ್ಕೆ ಸುದ್ದಿ ಹೋಗುತ್ತದೆಂದು ತಿಳಿದಿರುವುದುಂಟು. ಒಂಟಿ ಯಂತ್ರ ಇದ್ದಲ್ಲಿಯೇ ಕಿರುಚುತ್ತದೆ, ಅಷ್ಟೆ. ಪ್ಯಾನೆಲಿನೊಡನೆ ಮಾತನಾಡಬಲ್ಲ, ಅದೇ ಪ್ಯಾನೆಲಿಗೆ ಹೊಂದುವ ಸೂಚಕವನ್ನೇ ಕೇಳಿ ಹಾಕಿಸಬೇಕು. ಕಳ್ಳರ ಅಲಾರಮನ್ನು ಮನೆಯವರು ರಾತ್ರಿ ಹಚ್ಚಿ ಬೆಳಿಗ್ಗೆ ಆರಿಸುತ್ತಾರೆ. ಬೆಂಕಿಯ ವಿಭಾಗ ಇಪ್ಪತ್ತನಾಲ್ಕು ಗಂಟೆಯೂ ಎಚ್ಚರವಿರುವಂತೆ ಪ್ಯಾನೆಲಿನಲ್ಲಿ ಬರೆದಿರಬೇಕು. ಇದನ್ನು ಬಾಯಿಮಾತಿನಲ್ಲಿ ಕೇಳಿದರೆ ಸಾಲದು. ಅಲಾರಮ್ ಆರಿಸಿದ ಸ್ಥಿತಿಯಲ್ಲಿಯೇ ಸೂಚಕದ ಪರೀಕ್ಷಾಗುಂಡಿಯನ್ನು ಒತ್ತಿಸಿ, ಕೇಂದ್ರದಿಂದ ಕರೆ ಬರುವವರೆಗೆ ತಂತ್ರಜ್ಞನನ್ನು ಕಾಫಿ ಕೊಟ್ಟು ಕೂರಿಸಿಕೊಳ್ಳುವುದು ಉತ್ತಮ. ಹಾಗೆಯೇ ಮೇನ್ ಸ್ವಿಚ್ಚು ಆರಿಸಿ ಮತ್ತೊಮ್ಮೆ. ವಿದ್ಯುತ್ ಹೋದಾಗ ಬ್ರಾಡ್‌ಬ್ಯಾಂಡಿನ ಪೆಟ್ಟಿಗೆಯೂ ಸಾಯುತ್ತದೆ. ಆಗ ಸಿಮ್ಮಿನ ದಾರಿ ಇಲ್ಲದ ಪ್ಯಾನೆಲು ಮೂಕವಾಗುತ್ತದೆ. ತಂತಿಯಿಂದ ಹೊತ್ತಿದ ಬೆಂಕಿಯಲ್ಲಿ ಮೊದಲು ಹೋಗುವುದು ವಿದ್ಯುತ್ತೇ ಎಂಬುದನ್ನು ಮರೆಯುವಂತಿಲ್ಲ.

ಪ್ರವಾಸಿ ಕನ್ನಡಿಗರ ಮನೆಗಳಿಗೆ ವಿಶೇಷವಾದ ಇನ್ನೊಂದು ತೊಡಕಿದೆ. ಮಗ ಸೊಸೆ ಇಬ್ಬರೂ ಕಚೇರಿಗೆ, ಮಕ್ಕಳು ಶಾಲೆಗೆ ಹೋದ ಮಧ್ಯಾಹ್ನ ಮನೆಯಲ್ಲಿರುವುದು ಊರಿನಿಂದ ಬಂದ ತಾಯಿಯೊಬ್ಬರೇ ಎಂದು ಭಾವಿಸಬಹುದು. ಸೂಚಕ ಕೂಗುತ್ತದೆ. ಅದರ ಬೆನ್ನಿಗೇ ದೂರವಾಣಿ ಬಡಿದುಕೊಳ್ಳುತ್ತದೆ. ಆ ಕಡೆಯ ದನಿ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಸಂಕೇತಪದವನ್ನು ಕೇಳುತ್ತದೆ. ತಾಯಿಗೆ ಮನೆಯ ಕನ್ನಡವೊಂದೇ ಗೊತ್ತು. ‘ರಾಂಗ್ ನಂಬರ್’ ಎಂದು ಅವರು ಫೋನಿಟ್ಟರೆ ತಪ್ಪು ಅವರದಲ್ಲ. ತಿಂಗಳು ತಿಂಗಳೂ ಶುಲ್ಕ ತೆತ್ತು ನಡೆಸಿದ ವ್ಯವಸ್ಥೆಯೆಲ್ಲ ಈ ಒಂದು ಕರೆಯಲ್ಲಿ ಮುರಿದುಬೀಳುತ್ತದೆ. ಕರಾರಿಗೆ ಸಹಿ ಹಾಕುವ ಮುನ್ನ ಕೇಂದ್ರದಲ್ಲಿ ಕನ್ನಡ ಬಲ್ಲವರು ಇದ್ದಾರೆಯೇ ಎಂದು ವಿಚಾರಿಸಬಹುದು. ಇಲ್ಲದಿದ್ದರೆ ಸಂಕೇತಪದವನ್ನಾದರೂ ‘ಮಲ್ಲಿಗೆ’ಯಂಥ, ಗಾಬರಿಯಲ್ಲೂ ಬಾಯಿಗೆ ಬರುವ ಮಾತಾಗಿ ಇಟ್ಟುಕೊಳ್ಳಬೇಕು, ‘ಆಗ್, ಆಗ್’ ಎಂಬ ಎರಡಕ್ಷರವನ್ನು ಹಿರಿಯರಿಗೆ ಕಲಿಸಿರಬೇಕು. ಕರೆಗೆ ಉತ್ತರ ಬಾರದಿದ್ದಾಗ, ಸಂಕೇತಪದ ತಪ್ಪಿದಾಗ ಕೇಂದ್ರವು ಸುಮ್ಮನಾಗದೆ ಬೆಂಕಿಯೆಂದೇ ಭಾವಿಸಿ ಮುಂದುವರಿಯಬೇಕೆಂಬ ಮಾತು ಕಾಗದದಲ್ಲಿ ಬರೆದಿರಬೇಕು.

ಮುಂದಿನ ಕರೆ ಯಾರಿಗೆ ಎಂಬ ಪಟ್ಟಿಯನ್ನು ತುಂಬುವಾಗ ಸಾಮಾನ್ಯವಾಗಿ ಹೃದಯಕ್ಕೆ ಹತ್ತಿರದವರ ಹೆಸರುಗಳು ಮೊದಲು ಬರುತ್ತವೆ: ಹುಬ್ಬಳ್ಳಿಯ ಅಣ್ಣ, ಅಮೆರಿಕದಲ್ಲಿರುವ ಮಗಳು. ಬೇಕಾದವರು ಬಾಗಿಲಿಗೆ ಹತ್ತಿರದವರು. ಎದುರು ಮನೆಯ ಗೃಹಿಣಿ, ಸೊಸೈಟಿಯ ಕಾರ್ಯದರ್ಶಿ, ಗೇಟಿನ ಕಾವಲುಗಾರ ಇವರ ಸಂಖ್ಯೆಗಳು ಮೊದಲಿಗಿರಬೇಕು. ಅವರಲ್ಲಿ ಒಬ್ಬರ ಬಳಿ ಬೀಗದ ಕೈ ಇರಬೇಕು. ಬೇಸಗೆ ರಜೆಯಲ್ಲಿ ಮನೆಗೆ ಬೀಗ ಜಡಿದು ಊರಿಗೆ ಹೋದಾಗ ಈ ಪಟ್ಟಿಯೇ ಮನೆಯ ಕಾವಲು. ಅಗ್ನಿಶಾಮಕ ದಳಕ್ಕೆ ನಿಗಾ ಕೇಂದ್ರವೇ ತಿಳಿಸುತ್ತದೆಂದು ಮನೆಯಲ್ಲಿರುವವರು ಕಾಯಬಾರದು. ಹೊರಗೆ ಬಂದವರು ತಾವೇ 101ಕ್ಕೋ 112ಕ್ಕೋ ಕರೆ ಮಾಡತಕ್ಕದ್ದು.

ಹಿರಿಯರ ಕಿವಿಯ ವಿಚಾರದಲ್ಲಿ ಒಂದು ಮಾತು ಉಳಿದಿದೆ. ಸಾಮಾನ್ಯ ಅಲಾರಮಿನದು ಸುಮಾರು 3000 ಹರ್ಟ್ಸ್‌ನ ಕೀಚಲು ದನಿ. ವಯಸ್ಸಾದಂತೆ ಮೊದಲು ಕುಗ್ಗುವುದು ಅಂಥ ಎತ್ತರದ ದನಿಯನ್ನು ಕೇಳುವ ಶಕ್ತಿಯೇ. ಶ್ರವಣಯಂತ್ರವನ್ನು ತೆಗೆದಿಟ್ಟು ಮಲಗಿದ ಅಜ್ಜನಿಗೆ ಅದು ಕೇಳಿಸದೆ ಹೋಗಬಹುದು. 520 ಹರ್ಟ್ಸ್‌ನ ತಗ್ಗು ದನಿಯ ಸೈರನ್ನು ಅವರನ್ನೂ ಗಾಢವಾಗಿ ಮಲಗುವ ಮಕ್ಕಳನ್ನೂ ಎಬ್ಬಿಸುವುದರಲ್ಲಿ ಮೇಲೆಂದು ಪರೀಕ್ಷೆಗಳು ತೋರಿಸಿವೆ. ಅಂಥದನ್ನು ಅವರ ಕೋಣೆಗೆ ಹಾಕಿಸುವುದು ಸೂಕ್ತ. ಒಮ್ಮೆ ಹಾಕಿಸಿದ ಮೇಲೆ ತಿಂಗಳಿಗೊಮ್ಮೆ ಗುಂಡಿ ಒತ್ತಿ ನೋಡುವುದು, ಧೂಳು ಹೊಡೆಯುವುದು, ದೀಪಾವಳಿಗೆ ಸುಣ್ಣಬಣ್ಣ ಮಾಡಿಸುವಾಗ ಬಣ್ಣ ತಾಕದಂತೆ ಮುಚ್ಚಿ ಮುಗಿದೊಡನೆ ತೆರೆಯುವುದು ಇವಿಷ್ಟು ಮನೆಯವರ ಪಾಲಿನ ಕೆಲಸ. ಹತ್ತು ವರ್ಷ ದಾಟಿದ ಹೊಗೆಸೂಚಕ ಗುಂಡಿಗೆ ಕೂಗಿದರೂ ಬದಲಾಯಿಸತಕ್ಕದ್ದೇ. ತಯಾರಾದ ವರ್ಷ ಅದರ ಬೆನ್ನ ಮೇಲೆ ಅಚ್ಚಾಗಿರುತ್ತದೆ.

2018ರ ಆಗಸ್ಟ್ 22ರಂದು ಮುಂಬಯಿಯ ಪರೇಲಿನ ಕ್ರಿಸ್ಟಲ್ ಟವರ್ ಕಟ್ಟಡಕ್ಕೆ ಬೆಂಕಿ ಬಿದ್ದು ನಾಲ್ವರು ತೀರಿಕೊಂಡರು. ಮೇಲಿನ ಮಹಡಿಯಲ್ಲಿ ಸಿಕ್ಕಿಕೊಂಡವರಲ್ಲಿ ಹತ್ತು ವರ್ಷದ ಬಾಲಕಿಯೊಬ್ಬಳಿದ್ದಳು. ಹತ್ತಿಬಟ್ಟೆ ಹರಿದು ನೀರಿನಲ್ಲಿ ಅದ್ದಿ ಮೂಗಿಗೆ ಹಿಡಿದು ಉಸಿರಾಡುವಂತೆ ಅವಳು ಮನೆಯವರಿಗೂ ನೆರೆಯವರಿಗೂ ಹೇಳಿಕೊಟ್ಟಳು. ಶಾಲೆಯಲ್ಲಿ ಕಲಿತದ್ದು ನೆನಪಿತ್ತು. ಅವಳಿಗೆ ಮುಂದೆ ರಾಷ್ಟ್ರೀಯ ಶೌರ್ಯ ಪ್ರಶಸ್ತಿ ದೊರೆಯಿತು. ಒದ್ದೆಬಟ್ಟೆ ಮಸಿಯ ಕಣಗಳನ್ನು ತಡೆದು ಕೆಮ್ಮನ್ನು ಕಡಮೆ ಮಾಡುತ್ತದೆ. ಕಾರ್ಬನ್ ಮಾನಾಕ್ಸೈಡನ್ನು ಅದು ತಡೆಯಲಾರದು. ಆದ್ದರಿಂದ ಬಟ್ಟೆ ಹಿಡಿದು ಕೂರುವುದಲ್ಲ, ನೆಲಕ್ಕೆ ಬಾಗಿ ಹೊರಟುಬಿಡುವುದು, ಲಿಫ್ಟಿನಲ್ಲಲ್ಲ, ಮೆಟ್ಟಿಲಿನಲ್ಲಿ. ಮೆಟ್ಟಿಲಿನಲ್ಲೇ ಹೊಗೆ ತುಂಬಿದ್ದರೆ ಬಾಗಿಲು ಮುಚ್ಚಿ, ಸಂದಿಗೆ ಒದ್ದೆಬಟ್ಟೆ ತುರುಕಿ, ರಸ್ತೆಯ ಕಡೆಯ ಕಿಟಕಿಗೆ ಹೋಗಿ ನಿಲ್ಲಬೇಕು. ಆ ಕಿಟಕಿಯ ಜಾಲರಿಯಲ್ಲಿ ತೆರೆಯುವ ಪಟ್ಟಿಯೊಂದು ಇದೆಯೇ, ಅದರ ಬೀಗದ ಕೈ ಎಲ್ಲಿದೆ ಎಂಬುದು ಮನೆಯ ಚಿಕ್ಕ ಮಗುವಿಗೂ ಗೊತ್ತಿರಬೇಕು. ಕಿಟಕಿಯ ಪಕ್ಕದಲ್ಲೇ ಒಂದು ಮೊಳೆ ಹೊಡೆದು ಕೈಯನ್ನು ಅಲ್ಲಿ ತೂಗುಹಾಕಿದರೆ ಸಾಕು.